ಕಿರ್ದಿ ಬರೆದಂತೆ ಬ್ಲಾಗು ಬರೆಯುವುದು

ಬಾಗಲಕೋಟೆಯ ನವನಗರದಲ್ಲಿ ಶಿಕ್ಷಕರು ಮತ್ತು ಕಾಲೇಜು ವಿದ್ಯಾರ್ಥಿಗಳ ಮುಂದೆ ಆಡಿದ ಮಾತುಗಳ ಪರಿಷ್ಕೃತ ಬರಹರೂಪ

ನನ್ನ ತಂದೆಯವರು ಹಳೆಯ ಊರಿನ ಹಳಪೇಟೆಯಲ್ಲಿ ಒಂದು ಕಿರಾಣಿ ಅಂಗಡಿ ನಡೆಸುತ್ತಿದ್ದರು. ಗಲ್ಲಾಪೆಟ್ಟಿಗೆಯ ಪಕ್ಕದಲ್ಲಿ ಕೆಂಪು ಬಟ್ಟೆಯ ರಟ್ಟು ಹಾಕಿದ ಉದ್ದನೆಯ ಎರಡು ಪುಸ್ತಕಗಳು ಸದಾ ಇರುತ್ತಿದ್ದವು. ಒಂದು ರೋಜ್‌ಕಿರ್ದಿ, ಇನ್ನೊಂದು ಖಾತೆವಹಿ. ನಿಮ್ಮಲ್ಲಿ ವಾಣಿಜ್ಯ ಓದುತ್ತಿರುವವರಿಗೆ ಇವುಗಳ ವ್ಯತ್ಯಾಸ ಗೊತ್ತಿರುತ್ತದೆ; ಉಳಿದವರಿಗಾಗಿ ಹೇಳುತ್ತೇನೆ. ಕಿರ್ದಿಯಲ್ಲಿ ಆ ದಿನ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಬರೆಯುತ್ತಾರೆ: ಯಾರು ಬಂದರು, ಏನು ಒಯ್ದರು, ಎಷ್ಟು ಕೊಟ್ಟರು. ಖಾತೆವಹಿಯಲ್ಲಿ ಒಬ್ಬೊಬ್ಬ ಗಿರಾಕಿಗೂ ಒಂದೊಂದು ಪುಟವಿರುತ್ತದೆ. ಕಿರ್ದಿಯಲ್ಲಿದ್ದುದನ್ನು ಬಿಡುವಾದಾಗ ಅಲ್ಲಿಗೆ ಎತ್ತಿ ಬರೆಯುತ್ತಾರೆ, ಅದಕ್ಕೆ ಖತಾವಣಿ ಎನ್ನುತ್ತಾರೆ. ಖತಾವಣಿ ಎಂಟು ದಿನ ತಡವಾದರೆ ತಂದೆಯವರು ಚಿಂತಿಸುತ್ತಿರಲಿಲ್ಲ. ಕಿರ್ದಿಯನ್ನು ಮಾತ್ರ ಬಾಗಿಲು ಹಾಕುವ ಮೊದಲು ಬರೆಯಲೇಬೇಕಾಗಿತ್ತು. ಅದರ ಅಂಚಿನಲ್ಲಿ ಲೆಕ್ಕಕ್ಕೆ ಸಂಬಂಧವಿಲ್ಲದ ಮಾತುಗಳೂ ಇರುತ್ತಿದ್ದವು: ‘ಹೊಳಿ ಬಂತು’, ‘ಬಣ್ಣದ ಬಂಡಿ, ಅಂಗಡಿ ಬಂದ್’, ‘ಬೆಲ್ಲ ಏರಿತು’.

ಬ್ಲಾಗಿನ ಬಗ್ಗೆ ಮಾತನಾಡಲು ಕರೆದರೆ ಈ ಮನುಷ್ಯ ಅಂಗಡಿಯ ಲೆಕ್ಕ ಹೇಳುತ್ತಿದ್ದಾನಲ್ಲ ಎಂದು ನಿಮಗೆ ಅನ್ನಿಸಬಹುದು. ಹದಿನೈದು ವರ್ಷಕ್ಕೂ ಹೆಚ್ಚು ಕಾಲ ಬ್ಲಾಗು ಬರೆದು, ಅದರಲ್ಲಿ ಅರ್ಧಕ್ಕಿಂತ ಹೆಚ್ಚು ಕಾಲವನ್ನು ಬರೆಯದೆಯೇ ಕಳೆದ ಮೇಲೆ ನನಗೆ ಅರ್ಥವಾದ ಸಂಗತಿ ಒಂದೇ: ಬ್ಲಾಗು ಎಂಬುದು ಕಿರ್ದಿ. ನಾನು ಅದನ್ನು ಅಂಗಡಿಯ ಮುಂಭಾಗದ ಗಾಜಿನ ಕಪಾಟೆಂದು ತಿಳಿದುಕೊಂಡಿದ್ದೆ.

ಬ್ಲಾಗು ಎಂಬ ಹೆಸರಿನಲ್ಲಿಯೇ ಈ ಕಿರ್ದಿಯ ಅರ್ಥ ಅಡಗಿದೆ. 1997ರ ಡಿಸೆಂಬರಿನಲ್ಲಿ ಜಾರ್ನ್ ಬಾರ್ಗರ್ ಎಂಬ ಅಮೆರಿಕದವರು, ತಾವು ಅಂತರ್ಜಾಲದಲ್ಲಿ ಓದಿದ್ದನ್ನು ದಿನದಿನಕ್ಕೆ ದಾಖಲಿಸಿಡುತ್ತಿದ್ದ ಪುಟಕ್ಕೆ ‘ವೆಬ್‌ಲಾಗ್’ ಎಂಬ ಹೆಸರು ಕೊಟ್ಟರು. ಲಾಗ್ ಎಂದರೆ ಹಡಗಿನಲ್ಲಿ ಬರೆದಿಡುವ ದಿನಚರಿ ಪುಸ್ತಕ. 1999ರಲ್ಲಿ ಪೀಟರ್ ಮೆರ್‌ಹೋಲ್ಜ್ ಎಂಬವರು ಆ ಪದವನ್ನು ತಮಾಷೆಗಾಗಿ ಬೇರೆ ಕಡೆ ಒಡೆದು ‘ವೀ ಬ್ಲಾಗ್’ ಎಂದು ಬರೆದರು, ಮುಂದೆ ‘ಬ್ಲಾಗ್’ ಮಾತ್ರ ಉಳಿಯಿತು. ಅದೇ ವರ್ಷದ ಆಗಸ್ಟಿನಲ್ಲಿ ಬ್ಲಾಗರ್ ಎಂಬ ಸೇವೆ ಬಂದಿತು, 2003ರಲ್ಲಿ ಗೂಗಲ್ ಅದನ್ನು ಕೊಂಡುಕೊಂಡಿತು, ಆ ವರ್ಷವೇ ಮೇ ತಿಂಗಳಿನಲ್ಲಿ ಬ್ಲಾಗು ನಡೆಸುವ ಇನ್ನೊಂದು ತಂತ್ರಾಂಶ ವರ್ಡ್‌ಪ್ರೆಸ್ ಹುಟ್ಟಿತು. ಇತಿಹಾಸ ಇಷ್ಟು ಸಾಕು. ನಮ್ಮ ಕಡೆ ಸಮುದ್ರವೂ ಇಲ್ಲ, ಹಡಗೂ ಇಲ್ಲ. ಆದ್ದರಿಂದ ನಮಗೆ ಲಾಗ್ ಎಂದರೆ ಕಿರ್ದಿಯೇ ಸರಿ.

ನಾನು 2008ರಲ್ಲಿ ಆರಂಭಿಸಿದೆ. ಅದಕ್ಕಿಂತ ಮೊದಲು ಆರಂಭಿಸದಿರಲು ಸೋಮಾರಿತನ ಒಂದೇ ಕಾರಣವಲ್ಲ. ಎಲ್ಲ ಭಾಷೆಗಳ ಅಕ್ಷರಗಳಿಗೂ ಒಂದೇ ಪದ್ಧತಿಯಲ್ಲಿ ಸಂಕೇತ ಕೊಡುವ ಯುನಿಕೋಡಿನ 1991ರ ಮೊದಲನೆಯ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಜಾಗ ಸಿಕ್ಕಿದ್ದರೂ ಸಾಮಾನ್ಯರ ಕಂಪ್ಯೂಟರಿನಲ್ಲಿ ಅದು ಕಣ್ಣಿಗೆ ಕಾಣಿಸತೊಡಗಿದ್ದು 2001ರ ವಿಂಡೋಸ್ ಎಕ್ಸ್‌ಪಿ ಮತ್ತು ಅದರ ಜೊತೆಗೆ ಬಂದ ತುಂಗಾ ಅಕ್ಷರಶೈಲಿಯ ನಂತರ. ಅದಕ್ಕೂ ಹಿಂದೆ ಒಂದೊಂದು ತಂತ್ರಾಂಶದ ಒಳಗುಟ್ಟು ಒಂದೊಂದಾಗಿತ್ತು. ಒಂದರಲ್ಲಿ ಟೈಪು ಮಾಡಿದ ಕನ್ನಡ ಇನ್ನೊಂದರಲ್ಲಿ ರೋಮನ್ ಅಕ್ಷರಗಳ ಕಸದಂತೆ ಕಾಣುತ್ತಿತ್ತು. ನಮ್ಮ ಶಾಲೆಗೆ ಬರುವ ಸುತ್ತೋಲೆಯ ಕಡತವನ್ನು ಮೊಬೈಲಿನಲ್ಲಿ ತೆರೆದಾಗ ಈಗಲೂ ಒಮ್ಮೊಮ್ಮೆ ಹೀಗೆಯೇ ಆಗುತ್ತದೆ, ಇಲ್ಲಿರುವ ಶಿಕ್ಷಕರು ತಲೆಯಾಡಿಸುತ್ತಿರುವುದನ್ನು ನೋಡುತ್ತಿದ್ದೇನೆ. ನನ್ನ ಮೊದಲನೆಯ ಬರಹದಲ್ಲಿ ಮೂರು ವಾಕ್ಯಗಳಿದ್ದವು. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದು ನಮ್ಮ ಅಂಗಡಿ ಇದ್ದ ಜಾಗ ಮುಳುಗಿತು, ತಕ್ಕಡಿಯನ್ನು ಯಾರಿಗೆ ಕೊಟ್ಟೆವೆಂದು ನೆನಪಿಲ್ಲ, ಕಿರ್ದಿಗಳನ್ನು ಮಾತ್ರ ತಂದಿದ್ದೇವೆ ಎಂದು ಬರೆದಿದ್ದೆ. ತಲೆಬರಹವಿರಲಿಲ್ಲ, ಚಿತ್ರವಿರಲಿಲ್ಲ. ಬರೆಯಲು ಹತ್ತು ನಿಮಿಷ ಹಿಡಿದಿರಬಹುದು. ಆ ವರ್ಷ ಮತ್ತು ಅದರ ಮರುವರ್ಷ ಸೇರಿ ತೊಂಬತ್ತಕ್ಕೂ ಹೆಚ್ಚು ಬಾರಿ ಬರೆದೆ. ಕಿಲ್ಲಾ, ಹಳಪೇಟೆ, ವೆಂಕಟಪೇಟೆ ಎಂದು ಓಣಿ ಓಣಿಯನ್ನು ನೆನಪಿಸಿಕೊಂಡು, ಹೋಳಿಯ ದಿನಗಳಲ್ಲಿ ಹಲಗಿ ಎಲ್ಲಿಂದ ಎಲ್ಲಿಗೆ ಸಾಗುತ್ತಿತ್ತು ಎಂಬುದನ್ನೂ ಬಿಡದೆ ಬರೆದೆ.

ಆಮೇಲೆ ನಾನು ಬ್ಲಾಗನ್ನು ಸುಧಾರಿಸಲು ಕುಳಿತೆ.

ಇದನ್ನು ಸ್ವಲ್ಪ ವಿವರವಾಗಿ ಹೇಳಬೇಕು, ಏಕೆಂದರೆ ನೀವೂ ಇದೇ ದಾರಿಯಲ್ಲಿ ಹೋಗುವ ಸಾಧ್ಯತೆ ಇದೆ. ಮೊದಲು ಸ್ವಂತ ಹೆಸರಿನ ವಿಳಾಸವೊಂದನ್ನು ಕೊಂಡೆ. ಅದರಲ್ಲಿ ತಪ್ಪೇನೂ ಇರಲಿಲ್ಲ. ಅನಂತರ ತಾನಾಗಿಯೇ ಜಾರುವ ಚಿತ್ರಗಳ ಪಟ್ಟಿ ಬಂದಿತು. ಪ್ರತಿ ಬರಹಕ್ಕೂ ನೆತ್ತಿಯ ಮೇಲೊಂದು ಚಿತ್ರ ಬೇಕೆಂದು ಆ ವಿನ್ಯಾಸ ಕೇಳುತ್ತಿದ್ದುದರಿಂದ, ಚಿತ್ರವಿಲ್ಲದ ದಿನ ಬರಹವೂ ನಿಂತಿತು. ‘ನೆನಪು’, ‘ಊರು’, ‘ವ್ಯಕ್ತಿಚಿತ್ರ’, ‘ಇತರೆ’ ಎಂದು ವಿಂಗಡಣೆ ಮಾಡಿದೆ. ಬರೆದದ್ದರಲ್ಲಿ ಮುಕ್ಕಾಲು ಪಾಲು ‘ಇತರೆ’ಗೆ ಹೋಯಿತು. ಎಷ್ಟು ಜನ ನೋಡಿದರೆಂದು ತೋರಿಸುವ ಎಣಿಕೆಯ ಯಂತ್ರ ಹಾಕಿಕೊಂಡೆ. ಅದನ್ನು ಹಾಕಿದ ದಿನದಿಂದ ಬೆಳಿಗ್ಗೆ ಎದ್ದು ನೋಡುವ ಮೊದಲ ವಸ್ತು ಆ ಸಂಖ್ಯೆಯೇ ಆಯಿತು. ಬಾವಿಯ ಬಗ್ಗೆ ಬರೆದಾಗ ಹನ್ನೊಂದು, ಒಬ್ಬ ರಾಜಕಾರಣಿಯ ಭಾಷಣವನ್ನು ಟೀಕಿಸಿದಾಗ ನಾಲ್ಕುನೂರು. ಮುಂದಿನ ತಿಂಗಳು ನಾನು ಬಾವಿಯ ಬಗ್ಗೆ ಬರೆಯಲಿಲ್ಲ ಎಂದು ಬೇರೆ ಹೇಳಬೇಕಾಗಿಲ್ಲ.

ಆ ಹೊತ್ತಿಗೆ ನಮ್ಮ ಹಳೆಯ ವಿದ್ಯಾರ್ಥಿಯೊಬ್ಬ ಫೋನು ಮಾಡಿ, ‘ಸರ್ರ, ನಿಮ್ಮ ಬ್ಲಾಗ್ ನಮ್ಮ ಹಳ್ಳ್ಯಾಗ ತೆರೀವಲ್ದು ನೋಡ್ರಿ, ಗಾಲಿ ತಿರಗತೈತಿ, ತಿರಗತೈತಿ, ಅಷ್ಟ’ ಎಂದ. ನಾನು ಅದನ್ನು ಅವನ ಊರಿನ ನೆಟ್‌ವರ್ಕಿನ ತಪ್ಪೆಂದು ತಳ್ಳಿಹಾಕಿದೆ.

ಮುಂದೆ ಒಂದು ವರ್ಷ ಬ್ಲಾಗು ಇಟ್ಟಿದ್ದ ಅಂತರ್ಜಾಲದ ಜಾಗದ ಬಾಡಿಗೆ ಕಟ್ಟುವುದು ತಡವಾಗಿ, ಜೋಡಿಸಿದ ತುಣುಕು ತಂತ್ರಾಂಶಗಳಲ್ಲಿ ಯಾವುದೋ ಒಂದು ಹಳೆಯದಾಗಿ, ಅದರ ಮೂಲಕ ಯಾರೋ ಒಳನುಗ್ಗಿ, ನನ್ನ ಬ್ಲಾಗು ಔಷಧಿಗಳ ಜಾಹೀರಾತಾಗಿ ಬದಲಾಯಿತು. ಹದಿನಾಲ್ಕು ತಿಂಗಳು ಅದರ ಗೊಡವೆಗೇ ಹೋಗಲಿಲ್ಲ. ಕೊನೆಗೊಂದು ಬೇಸಿಗೆ ರಜೆಯಲ್ಲಿ, ಇನ್ನು ಎಲ್ಲವೂ ಸರಳವಾಗಿರಬೇಕೆಂದು ಪಣ ತೊಟ್ಟು, ಸ್ಥಿರ ಪುಟಗಳನ್ನು ಹೆಣೆದುಕೊಡುವ ತಂತ್ರಾಂಶವೊಂದನ್ನು ಕಲಿಯಲು ಕುಳಿತೆ. ರಜೆ ಮುಗಿಯಿತು. ಹೊಸ ವಿನ್ಯಾಸದಲ್ಲಿ ಪ್ರಕಟವಾದ ಏಕೈಕ ಬರಹ ಹೊಸ ವಿನ್ಯಾಸದ ಬಗೆಗಿನದು. ಸರಳತೆಯೂ ಷೋಕಿಯಾಗಬಲ್ಲದು ಎಂಬುದನ್ನು ದಯವಿಟ್ಟು ಗಮನಿಸಿ. ಖಾಲಿ ಗೋಡೆಗೆ ಯಾವ ಬಿಳಿ ಬಣ್ಣ ಬಳಿಯಬೇಕೆಂದು ಎರಡು ತಿಂಗಳು ಯೋಚಿಸುವವನು ಸರಳಜೀವಿಯಲ್ಲ. ನಮ್ಮ ತಾಯಿ ಅಷ್ಟೂ ದಿನ ನೋಡಿ ಒಂದೇ ಮಾತು ಹೇಳಿದರು: ‘ಅಲ್ಲೋ ಯಪ್ಪಾ, ನಿಮ್ಮಪ್ಪ ಕಿರ್ದಿ ಬರೀಲಾಕ ಎಂದಾರ ಇಷ್ಟ ತಯಾರಿ ಮಾಡಿದ್ರೇನು?’

ಇಲ್ಲಿ ನಿಮಗೆ ಪಕ್ಕದ ವಿಜಯಪುರದ ಫ. ಗು. ಹಳಕಟ್ಟಿಯವರನ್ನು ನೆನಪಿಸಬೇಕು. ವೃತ್ತಿಯಿಂದ ವಕೀಲರಾಗಿದ್ದ ಅವರು ವರ್ಷಗಟ್ಟಲೆ ಮನೆ ಮನೆ, ಮಠ ಮಠ ತಿರುಗಿ ವಚನಗಳ ಓಲೆಗರಿಗಳನ್ನು ಕೂಡಿಸಿದರು. ಅವರ ‘ವಚನಶಾಸ್ತ್ರ ಸಾರ’ದ ಮೊದಲ ಭಾಗ 1923ರಲ್ಲಿ ಬೆಳಗಾವಿಯಲ್ಲಿ ಅಚ್ಚಾಯಿತು. ಅದಾದ ಮೇಲೆಯೇ, 1925ರಲ್ಲಿ, ಅವರು ಹಿತಚಿಂತಕ ಎಂಬ ಸ್ವಂತ ಮುದ್ರಣಾಲಯವನ್ನು ಇಟ್ಟದ್ದು, 1926ರಲ್ಲಿ ‘ಶಿವಾನುಭವ’ ಪತ್ರಿಕೆಯನ್ನು ಆರಂಭಿಸಿದ್ದು. ಈ ಕ್ರಮವನ್ನು ನೋಡಿ. ಅಚ್ಚು ಹಾಕಿಸಬೇಕಾದ ಓಲೆಗರಿಯ ಕಟ್ಟುಗಳು ಮನೆಯಲ್ಲಿ ರಾಶಿ ಬಿದ್ದಿದ್ದವು, ಆದ್ದರಿಂದ ಯಂತ್ರ ಬೇಕಾಯಿತು. ನಾವಾದರೋ ಮೊದಲು ಮುದ್ರಣಾಲಯ ಕಟ್ಟಿ, ಅದಕ್ಕೆ ಎಣ್ಣೆ ಹಾಕಿ, ಆಮೇಲೆ ಏನನ್ನು ಅಚ್ಚು ಹಾಕುವುದೆಂದು ಯೋಚಿಸುತ್ತೇವೆ. ಅಂಥ ಮಹನೀಯರ ಜೊತೆಗೆ ನಮ್ಮನ್ನು ಹೋಲಿಸಿಕೊಳ್ಳುವುದು ಉದ್ಧಟತನ, ನಿಜ. ನಾನು ಹೇಳುತ್ತಿರುವುದು ಕೆಲಸದ ಕ್ರಮದ ಬಗ್ಗೆ ಮಾತ್ರ.

ಹಾಗಾದರೆ ಒಂದು ಬ್ಲಾಗಿಗೆ ಬೇಕಾದುದು ಏನು? ಬರಹ ಬೇಕು, ತಾರೀಖು ಬೇಕು, ಬದಲಾಗದ ಒಂದು ವಿಳಾಸ ಬೇಕು. ಬರಹ ಏನಿರಬೇಕೆಂದು ನಾನು ಹೇಳುವಂತಿಲ್ಲ. ಉಳಿದೆರಡರ ಬಗ್ಗೆ ಹೇಳಲು ಸಾಕಷ್ಟಿದೆ.

ಬರಹದ ಮೇಲೆ ತಾರೀಖು ಹಾಕಬೇಡಿ, ಹಾಕಿದರೆ ಹಳತೆಂದು ಓದುಗರು ಹೊರಟುಹೋಗುತ್ತಾರೆ ಎಂದು ಸಲಹೆ ಕೊಡುವವರು ಇದ್ದಾರೆ. ನಾನೂ ಅದನ್ನು ನಂಬಿ ಕೆಲವು ಕಾಲ ತಾರೀಖುಗಳನ್ನು ಅಡಗಿಸಿಟ್ಟಿದ್ದೆ. ಅಂಥವರನ್ನು ಇಲ್ಲಿಂದ ಬಾದಾಮಿಗೆ ಕರೆದುಕೊಂಡು ಹೋಗಬೇಕು. ಅಲ್ಲಿನ ಮೂರನೆಯ ಗುಹೆಯಲ್ಲಿ ಚಾಲುಕ್ಯ ಅರಸುಮನೆತನದ ಮಂಗಳೇಶ ಬರೆಸಿದ ಸಂಸ್ಕೃತ ಶಾಸನವಿದೆ. ಅದರಲ್ಲಿ ಶಕ ವರ್ಷ 500 ಎಂದು ಸ್ಪಷ್ಟವಾಗಿ ಹೇಳಿದೆ, ಅಂದರೆ ಕ್ರಿ.ಶ. 578. ಆ ಒಂದು ಅಂಕಿ ಸಿಕ್ಕಿದ್ದರಿಂದ ಸುತ್ತಲಿನ ಎಷ್ಟೋ ಶಿಲ್ಪಗಳ ಕಾಲವನ್ನು ಅದರ ಪಕ್ಕದಲ್ಲಿಟ್ಟು ಅಳೆಯಲು ವಿದ್ವಾಂಸರಿಗೆ ಸಾಧ್ಯವಾಯಿತು. ಅದೇ ಊರಿನ ಬಂಡೆಯ ಮೇಲೆ ಕಪ್ಪೆ ಅರಭಟ್ಟನ ಶಾಸನವೂ ಇದೆ. ಕನ್ನಡ ತ್ರಿಪದಿಯ ಅತಿ ಹಳೆಯ ಮಾದರಿಯೆಂದು ನಾವು ತರಗತಿಯಲ್ಲಿ ಪಾಠ ಮಾಡುವ ಶಾಸನ ಅದು. ಅದರಲ್ಲಿ ತಾರೀಖಿಲ್ಲ. ಹೀಗಾಗಿ ಲಿಪಿಯ ರೂಪವನ್ನು ನೋಡಿ ಸುಮಾರು 700 ಎಂದು ಅಂದಾಜು ಮಾಡಬೇಕಾಗಿದೆ. ನಮ್ಮ ಬರಹಗಳಿಗೆ ಲಿಪಿತಜ್ಞರು ಬರುವುದಿಲ್ಲ. ಬಂದರೂ ಎಲ್ಲರ ಅಕ್ಷರಶೈಲಿಯೂ ಒಂದೇ ಆಗಿರುವುದರಿಂದ ಅವರಿಂದ ಏನೂ ಪ್ರಯೋಜನವಾಗದು. ‘ಮೊನ್ನೆ ಮಳೆಗೆ ಸೇತುವೆ ಮುಳುಗಿತು’ ಎಂದು ತಾರೀಖಿಲ್ಲದೆ ಬರೆದಿಟ್ಟರೆ ಹತ್ತು ವರ್ಷದ ಮೇಲೆ ಅದು ಯಾರಿಗೂ ಬೇಡವಾದ ವಾಕ್ಯ. ತಾರೀಖಿದ್ದರೆ ಅದೊಂದು ದಾಖಲೆ.

ವಿಳಾಸದ ವಿಷಯವನ್ನು ಬಾಗಲಕೋಟೆಯವರಿಗೆ ವಿವರಿಸಬೇಕಾದ ಅಗತ್ಯವಿಲ್ಲ ಎಂದುಕೊಳ್ಳುತ್ತೇನೆ. ಹಳೆಯ ಊರಿನಲ್ಲಿ ಓಣಿಗಳಿಗೆ ಹೆಸರಿದ್ದವು, ಇಲ್ಲಿಗೆ ಬಂದ ಮೇಲೆ ಸೆಕ್ಟರುಗಳಿಗೆ ಸಂಖ್ಯೆ ಬಂದಿತು. ಸ್ಥಳಾಂತರದ ಆ ವರ್ಷಗಳಲ್ಲಿ ನಮಗೆ ಬರಬೇಕಾದ ಕಾಗದಗಳು ಮುಳುಗಡೆಯ ಮನೆಯ ವಿಳಾಸಕ್ಕೆ ಬರುತ್ತಿದ್ದವು, ಮತ್ತು ಎರಡೂ ವಿಳಾಸ ಬಲ್ಲ ಒಬ್ಬ ಅಂಚೆಯಣ್ಣ ಇದ್ದುದರಿಂದ ಮಾತ್ರ ಅವು ಕೈಸೇರುತ್ತಿದ್ದವು. ಬ್ಲಾಗನ್ನು ಒಂದು ಕಡೆಯಿಂದ ಇನ್ನೊಂದು ಕಡೆಗೆ ಒಯ್ಯುವಾಗ ಹಳೆಯ ಕೊಂಡಿಯನ್ನು ಹೊಸದಕ್ಕೆ ತಿರುಗಿಸುವ ವ್ಯವಸ್ಥೆ ಮಾಡದಿದ್ದರೆ, ಅಂಚೆಯಣ್ಣನಿಲ್ಲದ ಮುಳುಗಡೆಯಾಗುತ್ತದೆ. ನಾನು ಮೂರು ಸಲ ಹಾಗೆ ಮಾಡಿದ್ದೇನೆ. ಬೇರೆಯವರು ಪ್ರೀತಿಯಿಂದ ಕೊಟ್ಟುಕೊಂಡಿದ್ದ ಕೊಂಡಿಗಳೆಲ್ಲ ಹಿನ್ನೀರಿನಲ್ಲಿ ಹೋದವು.

ಕನ್ನಡದಲ್ಲಿ ಬರೆಯುವವರಿಗೆ ವಿಳಾಸದಲ್ಲಿ ಇನ್ನೊಂದು ತೊಡಕಿದೆ. ತಲೆಬರಹವನ್ನೇ ವಿಳಾಸವಾಗಿ ಮಾಡುವ ಅಭ್ಯಾಸ ಹೆಚ್ಚಿನ ಸೇವೆಗಳಿಗಿದೆ. ‘ಬಾಗಲಕೋಟೆ’ ಎಂಬ ಪದ ನಮಗೆ ಐದು ಅಕ್ಷರ, ಯಂತ್ರಕ್ಕೆ ಕಾಗುಣಿತ ಬಿಡಿಸಿ ಎಂಟು ಸಂಕೇತ. ಯುನಿಕೋಡ್ ಸಂಕೇತಗಳನ್ನು ಬರೆದಿಡಲು ಇಂದು ಎಲ್ಲೆಡೆ ಬಳಕೆಯಲ್ಲಿರುವ ಯುಟಿಎಫ್-8 ಪದ್ಧತಿಯಲ್ಲಿ ಕನ್ನಡದ ಒಂದೊಂದು ಸಂಕೇತಕ್ಕೂ 3 ಬೈಟುಗಳು, ಅಂದರೆ ಕಂಪ್ಯೂಟರಿನ ಜಾಗದ ಮೂರು ಚಿಕ್ಕ ಮನೆಗಳು, ಬೇಕು. ವಿಳಾಸದಲ್ಲಿ ಒಂದೊಂದು ಬೈಟನ್ನೂ ಶೇಕಡಾ ಚಿಹ್ನೆಯ ಜೊತೆಗೆ ಮೂರು ಗುರುತುಗಳಲ್ಲಿ ಬರೆಯುತ್ತಾರೆ. ಲೆಕ್ಕ ಹಾಕಿದರೆ ‘ಬಾಗಲಕೋಟೆ’ ಎಂಬುದೊಂದಕ್ಕೇ 72 ಗುರುತುಗಳಾದವು. ವಾಟ್ಸಾಪಿನಲ್ಲಿ ಯಾರಾದರೂ ಕಳುಹಿಸಿದ ಕನ್ನಡ ಕೊಂಡಿ ಹಾವಿನಂತೆ ಉದ್ದವಾಗಿ ಹರಿದಿರುವುದನ್ನು ನೀವು ನೋಡಿರುತ್ತೀರಿ; ಅದರ ಕಾರಣ ಇದೇ. ಅದಕ್ಕಾಗಿ ನಾನು ಈಗ ವಿಳಾಸದಲ್ಲಿ ವರ್ಷ, ತಿಂಗಳು, ದಿನ ಇಷ್ಟನ್ನು ಅಂಕಿಯಲ್ಲಿ ಕೊಟ್ಟು ಸುಮ್ಮನಾಗುತ್ತೇನೆ. ಕಿರ್ದಿಯ ಪುಟಕ್ಕೂ ಇದಕ್ಕಿಂತ ಹೆಚ್ಚಿನ ಹೆಸರಿರಲಿಲ್ಲ.

ಬೈಟುಗಳ ಮಾತು ಬಂದಿರುವುದರಿಂದ ಇನ್ನೊಂದು ಲೆಕ್ಕ. ನಾಲ್ಕುನೂರು ಪದಗಳ ಕನ್ನಡ ಬರಹವೊಂದು ಹೆಚ್ಚುಕಡಿಮೆ 12 ಕೆಬಿ ಜಾಗ ಹಿಡಿಯುತ್ತದೆ. ಮೊಬೈಲಿನಲ್ಲಿ ತೆಗೆದ ಒಂದು ಫೋಟೊ 3 ಎಂಬಿ ಇದ್ದರೆ, ಅದರ ಜಾಗದಲ್ಲಿ ಇಂಥ 250 ಬರಹಗಳು ಹಿಡಿಯುತ್ತವೆ. ನನ್ನ ವಿದ್ಯಾರ್ಥಿಯ ಹಳ್ಳಿಯಲ್ಲಿ ತಿರುಗುತ್ತಿದ್ದ ಗಾಲಿಯ ರಹಸ್ಯ ನನಗೆ ತಿಳಿದದ್ದು ಈ ಲೆಕ್ಕ ಹಾಕಿದ ದಿನ. ಫೋಟೊ ಹಾಕಲೇಬಾರದೆಂದು ನಾನು ಹೇಳುವುದಿಲ್ಲ. ಮುಳುಗಿದ ಊರಿನ ಹಳೆಯ ಚಿತ್ರವೊಂದು ಸಿಕ್ಕರೆ ಅದನ್ನು ಕುಗ್ಗಿಸಿ ಹಾಕುತ್ತೇನೆ. ಆದರೆ ಬರಹವನ್ನೇ ಚಿತ್ರವನ್ನಾಗಿ ಮಾಡಿ, ಹಿಂದೆ ಸೂರ್ಯಾಸ್ತ ಇಟ್ಟು ಹಂಚುವ ಈಗಿನ ಪದ್ಧತಿಯ ಬಗ್ಗೆ ನನಗೆ ಸಿಟ್ಟಿದೆ. ಆ ಅಕ್ಷರಗಳನ್ನು ನಾಳೆ ಹುಡುಕಲು ಬರುವುದಿಲ್ಲ, ನಕಲು ಮಾಡಿಕೊಳ್ಳಲು ಬರುವುದಿಲ್ಲ, ಮತ್ತು ದೃಷ್ಟಿಯಿಲ್ಲದವರಿಗೆ ಅಕ್ಷರವನ್ನು ಗಟ್ಟಿಯಾಗಿ ಓದಿ ಹೇಳುವ ಮೊಬೈಲಿನ ಸೌಲಭ್ಯ ಅಲ್ಲಿ ಬಹುಮಟ್ಟಿಗೆ ಮೂಕವಾಗುತ್ತದೆ. ಇಷ್ಟು ವರ್ಷ ಕಷ್ಟಪಟ್ಟು ಯುನಿಕೋಡಿಗೆ ಬಂದು, ಮತ್ತೆ ಅಕ್ಷರವನ್ನು ಬಣ್ಣದ ಚುಕ್ಕೆಗಳನ್ನಾಗಿ ಮಾಡುವುದು ನನಗೆ ಅರ್ಥವಾಗದ ಸಂಗತಿ.

ಓದುಗರು ಹೇಗೆ ಬರುತ್ತಾರೆ ಎಂದು ಮುಂದಿನ ಸಾಲಿನಿಂದ ಪ್ರಶ್ನೆ ಬಂದಿದೆ. ಆರ್‌ಎಸ್‌ಎಸ್ ಎಂಬ ಒಂದು ವ್ಯವಸ್ಥೆ ಇದೆ. ಹೆಸರು ಕೇಳಿ ನಗಬೇಡಿ, ನಾನು ಹೇಳುತ್ತಿರುವುದು 1999ರಲ್ಲಿ ನೆಟ್‌ಸ್ಕೇಪ್ ಕಂಪನಿಯಲ್ಲಿ ಹುಟ್ಟಿದ ಒಂದು ತಂತ್ರದ ಬಗ್ಗೆ. ಬ್ಲಾಗಿನಲ್ಲಿ ಹೊಸದೇನಾದರೂ ಬಂದರೆ ಓದುಗನಿಗೆ ತಾನಾಗಿ ತಿಳಿಸುವ ಸಣ್ಣ ಪಟ್ಟಿ ಅದು. ಅದನ್ನು ಓದಲು ಬಹಳ ಜನ ನೆಚ್ಚಿಕೊಂಡಿದ್ದ ಗೂಗಲ್ ರೀಡರ್ 2013ರ ಜುಲೈ 1ರಂದು ನಿಂತುಹೋಯಿತು, ಅದರೊಡನೆ ಆ ಅಭ್ಯಾಸವೂ ತೆಳುವಾಯಿತು. ಪಟ್ಟಿ ಮಾತ್ರ ಇಂದಿಗೂ ಬಹುತೇಕ ಎಲ್ಲ ಬ್ಲಾಗುಗಳಲ್ಲಿ ಸದ್ದಿಲ್ಲದೆ ಕೆಲಸ ಮಾಡುತ್ತಿದೆ. ನಿಮ್ಮ ಓದುಗರಿಗೆ ಅದು ಬೇಡವಾದರೆ ಕೊಂಡಿಯನ್ನು ವಾಟ್ಸಾಪಿನಲ್ಲಿ ಕಳುಹಿಸಿ, ಅದರಲ್ಲಿ ನಾಚಿಕೆ ಏನಿಲ್ಲ. ನನ್ನ ಓದುಗರು ನಲವತ್ತು ಜನ ಇರಬಹುದು. ಎಣಿಕೆಯ ಯಂತ್ರವನ್ನು ಕಿತ್ತುಹಾಕಿರುವುದರಿಂದ ಇದಕ್ಕಿಂತ ಖಚಿತವಾಗಿ ಹೇಳಲಾರೆ, ಹೇಳಬೇಕಾದ ಅಗತ್ಯವೂ ಬೀಳುವುದಿಲ್ಲ.

ಈಗ ನಾನು ಮಾಡುವ ಕ್ರಮ ಇಷ್ಟು. ಹಳೆಯ ಉಚಿತ ಸೇವೆಗೇ ಮರಳಿದ್ದೇನೆ, ಅದರಲ್ಲಿದ್ದ ಅತ್ಯಂತ ಬೋಳು ವಿನ್ಯಾಸವನ್ನು ಇಟ್ಟುಕೊಂಡಿದ್ದೇನೆ, ವಿಂಗಡಣೆಗಳನ್ನು ತೆಗೆದುಹಾಕಿದ್ದೇನೆ. ಪುಟ ನೋಡಲು ಬಡವಾಗಿದೆ ಎಂದು ಮಗಳು ಹೇಳುತ್ತಾಳೆ. ಅವಳು ಹೇಳುವುದು ನಿಜ. ರಾತ್ರಿ ಊಟವಾದ ಮೇಲೆ ಬರೆಯಬೇಕೆನಿಸಿದರೆ ಬರೆಯುತ್ತೇನೆ, ಮಲಗುವ ಮೊದಲು ಪ್ರಕಟಿಸುತ್ತೇನೆ. ನಾಳೆ ತಿದ್ದಿ ಹಾಕೋಣವೆಂದು ಕರಡಿನಲ್ಲಿಟ್ಟ ಬರಹಗಳು ಅರವತ್ತಕ್ಕೂ ಹೆಚ್ಚು ಕೂಡಿದ್ದವು. ಅವುಗಳಲ್ಲಿ ಒಂದೂ ನಾಳೆಯನ್ನು ಕಂಡಿರಲಿಲ್ಲ. ತಿಂಗಳಿಗೊಮ್ಮೆ ಎಲ್ಲವನ್ನೂ ಇಳಿಸಿ ಪೆನ್‌ಡ್ರೈವಿನಲ್ಲಿ ಇಡುತ್ತೇನೆ, ವರ್ಷಕ್ಕೊಮ್ಮೆ ಕಾಗದದ ಮೇಲೆ ಮುದ್ರಿಸಿ ಹೊಲಿಸುತ್ತೇನೆ. ದೊಡ್ಡ ಲೇಖನ ಬರೆಯಬೇಕೆಂಬ ಆಸೆ ಇದ್ದೇ ಇದೆ. ಅದು ಖತಾವಣಿಯ ಕೆಲಸ, ಬಿಡುವಾದಾಗ ಈ ನಮೂದುಗಳನ್ನೆಲ್ಲ ಎತ್ತಿ ಒಂದು ಕಡೆ ಕೂಡಿಸಿದರಾಯಿತು.

ತಪ್ಪಿನ ವಿಷಯದಲ್ಲಿಯೂ ತಂದೆಯವರ ನಿಯಮವನ್ನೇ ಇಟ್ಟುಕೊಂಡಿದ್ದೇನೆ. ಕಿರ್ದಿಯಲ್ಲಿ ಅಂಕಿ ತಪ್ಪಾದರೆ ಅವರು ಅಳಿಸುತ್ತಿರಲಿಲ್ಲ, ಹಾಳೆ ಹರಿಯುತ್ತಿರಲಿಲ್ಲ. ಹಳೆಯ ಅಂಕಿ ಕಾಣುವಂತೆ ಒಂದೇ ಗೆರೆ ಎಳೆದು ಪಕ್ಕದಲ್ಲಿ ಸರಿಯಾದದ್ದನ್ನು ಬರೆಯುತ್ತಿದ್ದರು. ಅಳಿಸಿದ ಕಿರ್ದಿಯನ್ನು ಗಿರಾಕಿ ನಂಬುವುದಿಲ್ಲ. ಕಳೆದ ತಿಂಗಳು ಹಳೆಯ ಊರಿನ ಒಂದು ಬಾವಿಯ ಬಗ್ಗೆ ಬರೆದು, ಅದು ಗುಡಿಯ ಮುಂದೆ ಇತ್ತೆಂದು ಹೇಳಿದ್ದೆ. ಮರುದಿನ ಸಂಜೆ ಎಂಬತ್ತು ದಾಟಿದ ಒಬ್ಬ ಅಜ್ಜಿಯ ಫೋನು ಬಂದಿತು; ಅವರ ಮೊಮ್ಮಗ ಅದನ್ನು ಅವರಿಗೆ ಓದಿ ಹೇಳಿದ್ದನಂತೆ. ‘ತಮ್ಮಾ, ನೀ ಬರದದ್ದು ತಪ್ಪೈತಿ. ಬಾವಿ ಗುಡಿ ಹಿಂದ ಇತ್ತು. ನಾ ಹದಿನೆಂಟ ವರ್ಷ ಅಲ್ಲೇ ನೀರ ಸೇದೀನಿ, ನನಗ ಹೇಳತೀಯೇನು?’ ಎಂದರು. ‘ಮುಂದೆ’ ಎಂಬ ಪದದ ಮೇಲೆ ಗೆರೆ ಎಳೆದು, ಪಕ್ಕದಲ್ಲಿ ‘ಹಿಂದೆ’ ಎಂದು ಬರೆದು, ತಿದ್ದಿದ ತಾರೀಖನ್ನು ಹಾಕಿದೆ. ಅಜ್ಜಿ ಫೋನು ಇಡಲಿಲ್ಲ, ಇನ್ನೂ ಅರ್ಧ ಗಂಟೆ ಮಾತನಾಡಿದರು. ಆ ರಾತ್ರಿಯ ನಮೂದಿನಲ್ಲಿ ಇರುವುದು ನಾಲ್ಕೇ ವಾಕ್ಯ, ಓದಿ ಬಿಡುತ್ತೇನೆ.

‘ಬಾವಿಗೆ ಗಡಗಡಿ ಇರಲಿಲ್ಲ, ಹಗ್ಗ ಉಜ್ಜಿ ಉಜ್ಜಿ ಕಟ್ಟೆಯ ಕಲ್ಲಿನಲ್ಲಿ ಏಳು ಗೆರೆಗಳು ಬಿದ್ದಿದ್ದವು. ಒಂದೊಂದು ಮನೆಯವರದು ಒಂದೊಂದು ಗೆರೆ, ಬೇರೆಯವರ ಗೆರೆಯಲ್ಲಿ ಹಗ್ಗ ಬಿಟ್ಟರೆ ಜಗಳವಾಗುತ್ತಿತ್ತು. ಬೇಸಿಗೆಯಲ್ಲಿ ಇಪ್ಪತ್ತು ಮೊಳ ಹಗ್ಗ ಬಿಟ್ಟರೆ ಕೊಡಕ್ಕೆ ನೀರು ತಾಗುತ್ತಿತ್ತು. ಈಗ ಹಗ್ಗ ಬೇಕಾಗುವುದಿಲ್ಲ.’